ನೀರು ಕಾಯಿಸದ ಹಂಡೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಥೆಯನ್ನು ಹೇಳಬಲ್ಲವರು ಬಾಯಲ್ಲಿ ಹೇಳಿದರೇ ಚೆಂದ. ನನಗೆ ಬರೆದು ಅಭ್ಯಾಸವಿಲ್ಲ. ಎಲ್ಲಿ ಬಿಡಿಸಿ ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂದು ತಿಳಿಯದೆ ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ. ಬೇಸರವಾದ ಕಡೆ ಸುಮ್ಮನೆ ಹೂಂಗುಟ್ಟಿ ಮುಂದೆ ಹೋಗಿ.

ಏಳು ಹಳ್ಳದ ಆಚೆ, ಎಂಟು ದಿಬ್ಬದ ಈಚೆ ಒಂದಾನೊಂದು ಪೇಟೆ ಇತ್ತಂತೆ. ಆ ಪೇಟೆಯಲ್ಲಿ ಅಡಿವೆಪ್ಪಶೆಟ್ಟರು ಅಂತ ಒಬ್ಬ ಸಾಹುಕಾರರು. ಅವರಿಗೆ ಕೊಳ್ಳುವುದೆಂದರೆ ಪ್ರಾಣ. ಬೇಕಾದ್ದನ್ನು ಎಲ್ಲರೂ ಕೊಳ್ಳುತ್ತಾರೆ. ಶೆಟ್ಟರು ಹಾಗಲ್ಲ, ಬೇರೆ ಯಾರ ಮನೆಯಲ್ಲೂ ಇಲ್ಲದ್ದನ್ನು ಹುಡುಕಿ ಕೊಳ್ಳುತ್ತಿದ್ದರಂತೆ. ಕೂರಲು ಬೆಳ್ಳಿ ಸರಪಳಿಯ ತೂಗುಮಂಚ, ಬೆನ್ನು ತುರಿಸಿಕೊಳ್ಳಲು ದಂತದ ಕೈ, ಗಿಣಿಗೆ ಹೊದಿಸಲು ರೇಷ್ಮೆ ಶಾಲು. ಗಿಣಿ ಇನ್ನೂ ಬಂದಿರಲಿಲ್ಲ, ಶಾಲು ಬಂದಿತ್ತು.

ಹೀಗಿರುವಾಗ ಶೆಟ್ಟರು ಒಂದು ಹಂಡೆ ಕೊಂಡರು. ಹಂಡೆ ಅಂದರೆ ಬಚ್ಚಲಿನಲ್ಲಿ ಒಲೆಯ ಮೇಲೆ ಕೂರಿಸಿ ಸ್ನಾನಕ್ಕೆ ನೀರು ಕಾಯಿಸುವ ಪಾತ್ರೆ. ಎಲ್ಲರ ಮನೆಯ ಹಂಡೆಯಂಥದ್ದಲ್ಲ ಇದು. ಏಳು ಜನ ಕಂಚುಗಾರರು ಏಳು ತಿಂಗಳು ಬಡಿದ ತಾಮ್ರದ ಹಂಡೆ. ಬಾಯಿಗೆ ಬೆಳ್ಳಿ ಅಂಚು, ಎರಡು ಕಡೆ ಆನೆಮುಖದ ಹಿಡಿ. ಇಪ್ಪತ್ತೊಂದು ಜನ ಹೊತ್ತು ತಂದರಂತೆ. ಬಚ್ಚಲ ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆದು ಒಳಗಿಟ್ಟರಂತೆ.

ಶೆಟ್ಟರ ಹೆಂಡತಿ ಗಂಗಮಾಳವ್ವ ನೋಡಿ, "ಮೀಯೋಕೋ ಈಜೋಕೋ?" ಅಂದಳು.

ಈಗ ಆ ಪೇಟೆಯ ಒಂದು ಪದ್ಧತಿ ಹೇಳಬೇಕು. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಲ್ಲಿ ಯಾರೇ ಹೊಸ ಹಂಡೆ ತಂದರೂ ಅದರ ಮೊದಲ ಬಿಸಿನೀರು ಊರಿನ ಬಡ ಬಾಣಂತಿಗೆ ಹೋಗಬೇಕು. ಆಮೇಲೆ ಮನೆಯವರಿಗೆ. ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಹಾಕಬೇಕಲ್ಲ, ಬಡವರ ಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆ ಎಲ್ಲಿರುತ್ತದೆ? ಅದಕ್ಕೇ ಹಿರಿಯರು ಹೀಗೆ ಮಾಡಿದ್ದರಂತೆ.

ಹಂಡೆ ಬಂದ ಸುದ್ದಿ ಕೇಳಿ ಸೂಲಗಿತ್ತಿ ನಿಂಗವ್ವ ಬಂದಳು. ಊರಿನ ಅರ್ಧ ಜನ ಹುಟ್ಟುವಾಗ ಹಿಡಿದುಕೊಂಡವಳು ಅವಳೇ. ಶೆಟ್ಟರನ್ನೂ ಅವಳೇ ಹಿಡಿದದ್ದು.

"ಶೆಟ್ಟರೇ, ಬುಟ್ಟಿ ಹೆಣೆಯೋ ಮೇದರ ದುರುಗಿ ಹೆಣ್ಣು ಹೆತ್ತಿದಾಳೆ. ಇವತ್ತಿಗೆ ಮೂರು ದಿನ. ಮನೇಲಿರೋದು ಒಂದು ಬಿರುಕು ಮಡಕೆ. ಪುಷ್ಯದ ಚಳಿ ನೋಡಿದಿರಲ್ಲ, ಕೂಸಿನ ಪಾದ ನೀಲಿಗಟ್ಟಿದೆ. ಮೊದಲ ನೀರು ಯಾವತ್ತು ಕೊಡ್ತೀರಿ?"

ಶೆಟ್ಟರು ಗಂಟಲು ಸರಿಮಾಡಿಕೊಂಡರು. "ಈ ಸಲ ಆಗೋದಿಲ್ಲ ನಿಂಗವ್ವ. ಯಾರೂ ಮೀಯದ ಹಂಡೆಯ ಮೊದಲ ನೀರು ನಿಮಗೇ ಅಂತ ಮಹಾರಾಜರಿಗೆ ಓಲೆ ಕಳಿಸಿಬಿಟ್ಟಿದ್ದೇನೆ. ಸೋಮವಾರ ಬರ್ತಾರೆ."

"ಮಹಾರಾಜರು ಹೆತ್ತಿದ್ದಾರಾ?"

ಶೆಟ್ಟರ ಕೈ ಮಡಿಲಿಗೆ ಹೋಯಿತು. ಕೊಡಬಾರದು ಎಂಬ ಕೆಟ್ಟ ಮನಸ್ಸೇನೂ ಅವರದ್ದಲ್ಲ. ಆದರೆ ರಾಜನ ಮರುಓಲೆ ಅವರ ಮಡಿಲಲ್ಲೇ ಇತ್ತು: 'ನಮಗೆ ಹಿತವಾದರೆ ಪಲ್ಲಕ್ಕಿಯ ಮೇಲೆ ನಿನ್ನ ಮೆರವಣಿಗೆ. ಹಿತವಾಗದಿದ್ದರೆ ತಲೆ ಬೋಳಿಸಿ ಕತ್ತೆಯ ಮೇಲೆ.' ಪಲ್ಲಕ್ಕಿಯ ಆಸೆ ಅರ್ಧ, ಕತ್ತೆಯ ಭಯ ಅರ್ಧ.

ನಿಂಗವ್ವ ಹೋದ ಮೇಲೆ ನೀರು ಹೇಗೆ ಕಾಯುತ್ತದೋ ನೋಡೋಣ ಎಂದು ಶೆಟ್ಟರು ಒಲೆ ಹೊತ್ತಿಸಿದರು. ಶುಕ್ರವಾರ ಒಂದು ಗಾಡಿ ಜಾಲಿ ಸೌದೆ ಉರಿಸಿದರು. ನೀರು ತಣ್ಣಗಿತ್ತು. ಶನಿವಾರ ಎರಡು ಗಾಡಿ ಹುಣಸೆ ಸೌದೆ ಉರಿಸಿದರು. ನೀರು ತಣ್ಣಗೇ ಇತ್ತು. ಭಾನುವಾರ ಬೆಳಿಗ್ಗೆ ಗಂಧದ ಕೊರಡುಗಳನ್ನೇ ಒಟ್ಟಿ, ಮೇಲೆ ತುಪ್ಪ ಸುರಿದು ಉರಿಸಿದರು. ಬೀದಿಯೆಲ್ಲ ಘಮಘಮ. ಮದುವೆ ಇರಬೇಕು ಅಂತ ನಾಲ್ಕು ಜನ ಊಟಕ್ಕೂ ಬಂದರಂತೆ. ನೀರು ಮಾತ್ರ ಬಾವಿಯಿಂದ ಈಗಷ್ಟೇ ಸೇದಿದ ಹಾಗಿತ್ತು.

ಶೆಟ್ಟರು ತಲೆಯ ಮೇಲೆ ಕೈಹೊತ್ತು ಕೂತರು. ಆಗ ಒಲೆಯ ಪಕ್ಕದ ಬೂದಿಯಲ್ಲಿ ಮಲಗುತ್ತಿದ್ದ ಮುದಿ ಬೆಕ್ಕು ಕಣ್ಣು ಬಿಟ್ಟಿತು. ಆ ಕಾಲದಲ್ಲಿ ಬೆಕ್ಕುಗಳು ಮಾತಾಡುತ್ತಿದ್ದವಂತೆ, ಆದರೆ ಸುತ್ತ ಇರುವವರು ಸುಮ್ಮನಿದ್ದಾಗ ಮಾತ್ರ. ಶೆಟ್ಟರ ಮನೆಯಲ್ಲಿ ಯಾರೂ ಸುಮ್ಮನಿರುತ್ತಿರಲಿಲ್ಲವಾದ್ದರಿಂದ ಅದಕ್ಕೆ ಆವರೆಗೆ ಅವಕಾಶ ಸಿಕ್ಕಿರಲಿಲ್ಲ.

"ಹಂಡೆ ಮುನಿಸಿಕೊಂಡಿದೆ ಶೆಟ್ಟರೇ," ಅಂದಿತು ಬೆಕ್ಕು. "ಮೊದಲು ಬಾಣಂತಿಗಲ್ಲದೆ ಅದು ಬೇರೆ ಯಾರಿಗೂ ಕಾಯೋದಿಲ್ಲ. ಬೇಗ ಏನಾದರೂ ಮಾಡಿ, ಮೂರು ದಿನದಿಂದ ನನಗೆ ಹೊಗೆ ಬಿಟ್ಟರೆ ಬೇರೇನೂ ಸಿಕ್ಕಿಲ್ಲ."

ಬಾಣಂತಿ ತಾನೇ ಬೇಕು ಅಂದುಕೊಂಡರು ಶೆಟ್ಟರು. ದುರುಗಿಯನ್ನು ಮೀಯಿಸಿದರೆ ಮೊದಲ ನೀರು ಮುಗಿದುಹೋಗುತ್ತದೆ, ರಾಜನಿಗೆ ಹೇಳಿದ ಮಾತು ಸುಳ್ಳಾಗುತ್ತದೆ. ಹಂಡೆಯ ಕಣ್ಣಿಗಷ್ಟೇ ಒಬ್ಬ ಬಾಣಂತಿಯನ್ನು ತೋರಿಸಿದರೆ? ಹೆಂಡತಿಯ ತಮ್ಮ ಬಸಲಿಂಗನನ್ನು ಕರೆದರು. ಅವನಿಗೆ ಸೀರೆ ಉಡಿಸಿದರು, ತಲೆಗೆ ಬಟ್ಟೆ ಕಟ್ಟಿದರು, ಕಿವಿಗೆ ಹತ್ತಿ ಇಟ್ಟರು. ಒಂದು ಕುಂಬಳಕಾಯಿಗೆ ಕುಲಾವಿ ಹಾಕಿ ಕೈಗೆ ಕೊಟ್ಟರು. ಕುಲಾವಿ ಅಂದರೆ ಕೂಸಿನ ಟೋಪಿ.

"ಭಾವ, ನನ್ನ ಮರ್ಯಾದೆ..."

"ನನ್ನ ಮರ್ಯಾದೆ ಉಳಿದರೆ ಅದರಲ್ಲಿ ನಿನಗೂ ಅರ್ಧ ಕೊಡ್ತೀನಿ, ಕೂತ್ಕೋ!"

"ಈ ಬಾಣಂತಿಗೆ ಮೀಸೆ ಇದೆ," ಅಂದಿತು ಬೆಕ್ಕು. ಯಾರೂ ಕೇಳಿಸಿಕೊಳ್ಳಲಿಲ್ಲ. ಶೆಟ್ಟರು ಒಂದು ಚೊಂಬು ನೀರು ಸುರಿದರು. ಹಂಡೆಗೆ ಎಷ್ಟು ಸಿಟ್ಟು ಬಂತೆಂದರೆ ನೀರು ಮಂಜಿನಂತೆ ಕೊರೆಯಿತು. ಬಸಲಿಂಗ ಕಿರುಚಿಕೊಂಡು ಎದ್ದ. ಸೀರೆ ಒಂದು ಕಡೆ, ಅವನು ಒಂದು ಕಡೆ. ಕುಂಬಳಕಾಯಿ ಕುಲಾವಿ ಸಮೇತ ಬೀದಿಗುರುಳಿತು.

ಬೇರೆ ದಾರಿ ಕಾಣದೆ ಶೆಟ್ಟರು ನಿಂಗವ್ವನ ಮನೆಗೆ ನಡೆದರು. "ಬುದ್ಧಿ ಬಂತು ನಿಂಗವ್ವ. ದುರುಗಿಯನ್ನ ನಮ್ಮ ಮನೆಗೆ ಕರಕೊಂಡು ಬಾ."

ನಿಂಗವ್ವ ನಕ್ಕಳು. "ಹಸಿ ಬಾಣಂತಿ ಈ ಚಳಿಗಾಳಿಯಲ್ಲಿ ಹೊಸಿಲು ದಾಟ್ತಾಳಾ? ನೀವು ಹುಟ್ಟಿದಾಗ ನಿಮ್ಮವ್ವ ದಾಟಿದ್ದಳಾ?"

"ಹಾಗಾದರೆ?"

"ಹಂಡೆಗೆ ಕಾಲಿಲ್ಲ. ನಿಮಗಿದೆ."

ಸೋಮವಾರ ಬೆಳಕು ಹರಿಯುತ್ತಲೇ ಹೊರುವವರನ್ನು ಹುಡುಕಿದರು. ಇಪ್ಪತ್ತು ಜನ ಸಿಕ್ಕರು. ಇಪ್ಪತ್ತೊಂದನೆಯವರು ಶೆಟ್ಟರೇ ಆಗಬೇಕಾಯಿತು. ಅವರ ಹೆಗಲಿನ ಮೇಲೆ ಆವರೆಗೆ ಉತ್ತರೀಯಕ್ಕಿಂತ ಭಾರದ್ದು ಕೂತಿರಲಿಲ್ಲ. ಪೇಟೆಬೀದಿಯಲ್ಲಿ ಜನ ಸಾಲುಗಟ್ಟಿ ನಿಂತರು. "ಶೆಟ್ಟರೇ, ಇದೇನು ಹಂಡೆಯ ಮೆರವಣಿಗೆನಾ?" ಅಂತ ಒಬ್ಬ ಕೂಗಿದ. ಮರುಮಾತಿಗೆ ಶೆಟ್ಟರಲ್ಲಿ ಉಸಿರಿರಲಿಲ್ಲ.

ಮೇದರ ಕೇರಿಯಲ್ಲಿ ದುರುಗಿಯ ಗುಡಿಸಲ ಮುಂದೆ ಮೂರು ಕಲ್ಲಿನ ಮೇಲೆ ಹಂಡೆ ಇಳಿಸಿ ನೀರು ತುಂಬಿದರು. ಶೆಟ್ಟರು ಬಗ್ಗಿ ಒಳಗೆ ನೋಡಿದರು. ದುರುಗಿಯ ಗಂಡ ಬಿರುಕು ಮಡಕೆಯಲ್ಲಿ ಒಂದು ಚೊಂಬು ನೀರು ಕಾಯಿಸಿ ತರುತ್ತಿದ್ದ. ಅದು ಮುಗಿಯುವ ಹೊತ್ತಿಗೆ ಇನ್ನೊಂದು ಚೊಂಬು ಕಾದಿರುತ್ತಿರಲಿಲ್ಲ. ದುರುಗಿ ಕೂಸಿನ ಎರಡೂ ಪಾದಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡು, ಅವಕ್ಕೆ ಬಾಯಿಂದ ಬಿಸಿಯುಸಿರು ಊದುತ್ತಿದ್ದಳು. ಮೂರು ಗಾಡಿಗಿಂತ ಹೆಚ್ಚು ಸೌದೆ ಸುಮ್ಮನೆ ಸುಟ್ಟಿದ್ದು ಶೆಟ್ಟರಿಗೆ ನೆನಪಾಯಿತು. ಅಂಗಳದಲ್ಲಿ ಬಿದ್ದಿದ್ದ ಬಿದಿರಿನ ಚೂರುಗಳನ್ನು ತಾವೇ ಬಾಚಿ ಹಂಡೆಯ ಕೆಳಗೆ ತಳ್ಳಿ ಹೊತ್ತಿಸಿದರು. ಒಂದು ಹಿಡಿ ಹಾಕಿದರು, ಹಂಡೆ ಗುಂಯ್ ಅಂದಿತು. ಎರಡು ಹಿಡಿ ಹಾಕಿದರು, ಹಬೆ ಬಂತು. ಮೂರನೆಯ ಹಿಡಿಗೆ ನೀರು ಕೊತಕೊತ ಕುದಿಯಿತಂತೆ!

ನಿಂಗವ್ವ ದುರುಗಿಗೆ ಎರೆದಳು. ಕಾಲು ನೀಡಿ ಕೂತು ಕೂಸನ್ನು ಮೇಲೆ ಮಲಗಿಸಿಕೊಂಡು ಅದಕ್ಕೂ ಎರೆದಳು. ಸಾಂಬ್ರಾಣಿ ಹೊಗೆ ಕೊಟ್ಟಳು. ಇಷ್ಟು ದಿನ ಅಳುತ್ತಿದ್ದ ಕೂಸು ಒಂದು ಆಕಳಿಕೆ ಆಕಳಿಸಿ ಮಲಗಿಬಿಟ್ಟಿತು.

ಅಷ್ಟರಲ್ಲಿ ರಾಜ ಬಂದ. ಶೆಟ್ಟರ ಮನೆಯಲ್ಲಿ ಹಂಡೆ ಕಾಣದೆ ಕೇಳಿಕೊಂಡು ಇಲ್ಲಿಗೇ ಬಂದಿದ್ದ. ಹಿಂದೆ ಪಲ್ಲಕ್ಕಿ, ಅದರ ಹಿಂದೆ ಕತ್ತೆ.

"ಏನಯ್ಯಾ ಶೆಟ್ಟಿ, ನಮ್ಮ ಮೊದಲ ನೀರೆಲ್ಲಿ?"

ಶೆಟ್ಟರ ಕಣ್ಣು ಕತ್ತೆಯ ಮೇಲೆ ಹೋಯಿತು, ಆಮೇಲೆ ಗುಡಿಸಲ ಕಡೆ ಹೋಯಿತು. ಏನಾದರೊಂದು ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ಮೆಲ್ಲಗೆ ಮಾತಾಡಿ ಮಹಾಪ್ರಭು. ಮೊದಲ ನೀರು ಈಗಷ್ಟೇ ಮಲಗಿದೆ."

ರಾಜನ ಹುಬ್ಬು ಮೇಲೆ ಹೋಯಿತು. ಕಣ್ಣು ಮಂಜಾದ ನಿಂಗವ್ವನಿಗೆ ಅವನು ರಾಜ ಅಂತ ತಿಳಿಯಲಿಲ್ಲ. "ಯಾರಪ್ಪ ಅದು, ಬಾಗಿಲು ತೆಗೆದು ಗಾಳಿ ಬಿಟ್ಟು ನಿಂತಿರೋದು? ಮೀಯೋಕೆ ಬಂದಿದ್ದರೆ ಸಾಲಲ್ಲಿ ನಿಂತ್ಕೋ. ಈ ಕೇರಿಯ ಇನ್ನೂ ಎರಡು ಕೂಸಿವೆ."

ಹುಟ್ಟಿದಾಗಿನಿಂದ ರಾಜನಿಗೆ ಯಾರೂ ಸಾಲಲ್ಲಿ ನಿಲ್ಲು ಎಂದಿರಲಿಲ್ಲ. ಅವನಿಗೆ ಅದು ಹೊಸದಾಗಿ ಕಂಡಿತು, ನಿಂತ. ತಟ್ಟಿಯ ಮರೆಯಲ್ಲಿ ಅವನ ಸರದಿ ಬಂದಾಗ ನಿಂಗವ್ವ ಅಭ್ಯಾಸಬಲದಿಂದ ತಲೆ ತಟ್ಟಿ ಎಣ್ಣೆ ಒತ್ತಿದಳು, ಮೂಗು ತೀಡಿದಳು, ನೆತ್ತಿಗೆ ಉಫ್ ಎಂದು ಊದಿದಳು. ಬಿಸಿನೀರು ಬೆನ್ನ ಮೇಲೆ ಬಿದ್ದದ್ದೇ ತಡ, ರಾಜನ ಕಣ್ಣು ಎಳೆಯಿತು. ತೀರ್ಪು ಹೇಳಲೂ ಆಗಲಿಲ್ಲ. ಪಲ್ಲಕ್ಕಿಯೊಳಗೆ ತಾನೇ ಹೋಗಿ ಮುದುಡಿ ಮಲಗಿಬಿಟ್ಟ. ಸೇವಕರು ಅವನನ್ನು ಹೊತ್ತುಕೊಂಡು ಅರಮನೆಗೆ ಹೋದರು. ಕತ್ತೆ ಬರಿಬೆನ್ನಲ್ಲಿ ಹಿಂದೆ ಹೋಯಿತು.

ಹೊರುವವರು, "ಶೆಟ್ಟರೇ, ಹಂಡೆ ಮನೆಗೆ ಎತ್ತೋಣವಾ?" ಅಂದರು. ಶೆಟ್ಟರು ಹೆಗಲು ನೀವಿಕೊಂಡು, "ಇರಲಿ ಬಿಡಿ, ಇಲ್ಲೇ ಚೆನ್ನಾಗಿ ಕಾಯುತ್ತೆ," ಅಂದರು.

ಹಂಡೆ ಅಲ್ಲೇ ಉಳಿಯಿತಂತೆ. ತಿಂಗಳಿಗೊಂದು ಗಾಡಿ ಸೌದೆ ಶೆಟ್ಟರ ಮನೆಯಿಂದ. ಸೋಮವಾರ ಬಂತೆಂದರೆ ಶೆಟ್ಟರೂ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಮೇದರ ಕೇರಿಗೆ ಹೋಗಿ ಕೂಸುಗಳ ಹಿಂದೆ ನಿಲ್ಲುತ್ತಿದ್ದರಂತೆ. ಪರವೂರಿನವನೊಬ್ಬ, "ಹಂಡೆ ನಿಮ್ಮದೇ ಅಲ್ಲವಾ ಶೆಟ್ಟರೇ?" ಅಂತ ಕೇಳಿದ.

"ಹಂಡೆ ನಂದೇ ಕಣಪ್ಪ," ಅಂದರು ಶೆಟ್ಟರು. "ಸರದಿ ನಂದಲ್ಲ."

ಅವರು ಅಲ್ಲಿ ಮಿಂದು ಬೆಚ್ಚಗಾದರು, ನಾವು ಇಲ್ಲಿ ಕೇಳಿ ಬೆಚ್ಚಗಾದೆವು.

ಕಥೆ ಮುಗಿಯಿತು. ಆದರೂ ಒಂದು ಮಾತು ಬಿಡಿಸಿ ಹೇಳದಿದ್ದರೆ ಸರಿಯಾಗುವುದಿಲ್ಲ. ಗಂಧದ ಕೊರಡಿಗೆ ಕಾಯದ ನೀರು ಮೂರು ಹಿಡಿ ಬಿದಿರು ಚೂರಿಗೆ ಹೇಗೆ ಕಾಯಿತು ಅಂತ ನೀವು ಕೇಳಬಹುದು. ಇದರಲ್ಲಿ ಮೂರು ಸಂಗತಿಗಳಿವೆ. ಮೊದಲನೆಯದು, ತಾಮ್ರ ಎಂಬುದು... ಬಂದೆ ಅಕ್ಕಾ! ಗ್ಯಾಸ್ ಸಿಲಿಂಡರ್ ಬಂದಿದೆಯಂತೆ, ಎತ್ತಿ ಒಳಗಿಡಬೇಕಂತೆ. ಅಷ್ಟರೊಳಗೆ ಹೇಳಿಬಿಡುತ್ತೇನೆ, ಮೊದಲನೆಯದು, ತಾಮ್ರ ಎಂಬುದು...