ಕಿವಿ ಮಡಚಿದ ಬೆಕ್ಕು

"ಮನೆಯಲ್ಲಿ ಶಾಂತಿ ನೆಲೆಸಿದೆ ಎಂದು ತಿಳಿಯುವುದು ಹೇಗೆ, ಬುದ್ಧಿ?"

ಸರ್ವಮಂಗಳಮ್ಮ ಈ ಪ್ರಶ್ನೆ ಕೇಳಿದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ಅಂದು ಸಂಜೆಯ ಪ್ರವಚನದಲ್ಲಿ ಗುರುಗಳು ಮಾದರಿ ಸಂಸಾರವೊಂದರ ಮಾತೆತ್ತುವವರಿದ್ದರು. ಆ ಸಂಸಾರ ತಮ್ಮದಾಗಬೇಕು ಎಂಬುದು ಅವರ ಆಸೆ. ಅದಕ್ಕೆಂದೇ ಸೊಸೆ ದಾಕ್ಷಾಯಿಣಿಯನ್ನೂ ಮಠಕ್ಕೆ ಕರೆತಂದಿದ್ದರು. ಅವಳು ಹಣ್ಣಿನ ಬುಟ್ಟಿ ಹಿಡಿದು ಅತ್ತೆಯ ಹಿಂದೆ, ಕಂಬದ ಪಕ್ಕದಲ್ಲಿ ನಿಂತಿದ್ದಳು.

"ನೀವೇ ಹೇಳಿ ತಾಯಿ," ಎಂದರು ಗುರುಗಳು.

"ನಮ್ಮ ಮನೆಯಲ್ಲಿ ದನಿ ಏರಿದ್ದನ್ನು ಯಾರೂ ಕೇಳಿಲ್ಲ, ಬುದ್ಧಿ. ಬೇರೆ ಮನೆಗಳಲ್ಲಿ ಅತ್ತೆ ಏತಿ ಅಂದರೆ ಸೊಸೆ ಪ್ರೇತಿ ಅನ್ನುತ್ತಾಳೆ. ನಮ್ಮವಳು ಬಂದ ಹೊಸತರಲ್ಲಿ, ಶಾಲೆಯ ಕೆಲಸ ಬಿಡುವುದಿಲ್ಲ ಎಂದು ಸ್ವಲ್ಪ ಅತ್ತು ಕರೆದು ಮಾಡಿದಳು. ಆಮೇಲೆ ಹೊಂದಿಕೊಂಡಳು. ಈಗ ಹೂಂ ಎನ್ನುವುದು ಬಿಟ್ಟರೆ ಎದುರು ಮಾತಿಲ್ಲ."

ಗುರುಗಳು ಕಂಬದ ಕಡೆ ನೋಡಿದರು. "ಹೌದೇನಮ್ಮಾ?"

ಹಿಂದಿನಿಂದ ಮಾತು ಬರಲಿಲ್ಲ. ತಲೆಯಾಡಿಸಿರಬೇಕು ಎಂದುಕೊಂಡರು ಸರ್ವಮಂಗಳಮ್ಮ. ತಿರುಗಿ ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ದೂರದೇಶದ ತಳಿಯ ಬೆಕ್ಕಿನ ಮರಿಯೊಂದನ್ನು ತಂದು ಸಾಕಿದ. ಅದರ ಕಿವಿಗಳು ಉಳಿದ ಬೆಕ್ಕುಗಳಂತೆ ನಿಮಿರಿರಲಿಲ್ಲ. ವೀಳ್ಯದೆಲೆಯ ತುದಿಯನ್ನು ಮಡಚಿದಂತೆ ಮುಂದಕ್ಕೆ ಮಡಚಿಕೊಂಡಿದ್ದವು. ನೋಡಿದವರಿಗೆ, ಹಿರಿಯರ ಮುಂದೆ ತಲೆಬಾಗಿ ನಿಂತ ವಿನಯವಂತರ ಮುಖದಂತೆ ಕಾಣುತ್ತಿತ್ತು. ಮೊದಮೊದಲು ಮರಿಯನ್ನು ಎತ್ತಿಕೊಂಡರೆ ಅರಚುತ್ತಿತ್ತು. ಮೆಟ್ಟಿಲ ಬುಡದಲ್ಲಿ ಕುಳಿತು ಕೂಗುತ್ತಿತ್ತು. ಯಾರೂ ಓಗೊಡಲಿಲ್ಲ. ಕ್ರಮೇಣ ಕೂಗು ನಿಂತಿತು.

"ಹೊಂದಿಕೊಂಡಿತು," ಎಂದ ವರ್ತಕ.

ತಮ್ಮದೇ ಮಾತು ಕತೆಯೊಳಗಿಂದ ಕೇಳಿಬಂದದ್ದಕ್ಕೆ ಸರ್ವಮಂಗಳಮ್ಮ ಸೆರಗು ಸರಿಪಡಿಸಿಕೊಂಡರು.

ಬೆಕ್ಕು ಬೆಳೆಯಿತು. ಗೋಡೆಗೆ ಬೆನ್ನು ಕೊಟ್ಟು, ಹಿಂಗಾಲುಗಳನ್ನು ಮುಂದಕ್ಕೆ ಚಾಚಿ, ಮನುಷ್ಯರ ಹಾಗೆ ಕೂರುತ್ತಿತ್ತು. ಕೂತರೆ ಕೂತಲ್ಲೇ. ಅಟ್ಟ ಹತ್ತಲಿಲ್ಲ, ಹಾಲಿಗೆ ಬಾಯಿ ಹಾಕಲಿಲ್ಲ. ವರ್ತಕ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದ.

"ಏನು ಸಾಹುಕಾರರೇ, ಬೆಕ್ಕಿಗೂ ದೀಕ್ಷೆ ಕೊಡಿಸಿದ್ದೀರೋ? ಮೂಗಿನ ಮುಂದೆ ಇಲಿ ಹೋದರೂ ಕಣ್ಣೆತ್ತದಲ್ಲ!" ಎಂದು ಅವರು ನಗುತ್ತಿದ್ದರು.

"ಎಲ್ಲ ಮನೆಯ ಸಂಸ್ಕಾರ," ಎನ್ನುತ್ತಿದ್ದ ವರ್ತಕ.

ಒಂದು ವರ್ಷ ಪೇಟೆಗೆ ಕೀಲು ಹಿಡಿಯುವ ಜ್ವರ ಬಂತು. ವರ್ತಕನಿಗೂ ತಗುಲಿತು. ಜ್ವರ ಬಿಟ್ಟರೂ ನೋವು ಬಿಡಲಿಲ್ಲ. ಮಂಡಿ ಮಡಚಲಾರ, ಮಗ್ಗುಲು ಬದಲಿಸಲಾರ. ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿರುತ್ತಿದ್ದ. ನರಳಿದರೂ ನೋವಾಗುತ್ತಿದ್ದುದರಿಂದ ನರಳುವುದನ್ನೂ ಬಿಟ್ಟ. ನೋಡಲು ಬಂದವರು, "ಇಂಥ ಕಾಯಿಲೆಯಲ್ಲೂ ಎಷ್ಟು ಸಮಾಧಾನ ನೋಡಿ," ಎಂದು ಹೊಗಳಿ ಹೋದರು. ಅವರ ಮೇಲೆ ಅವನಿಗೆ ಕೆಟ್ಟ ಸಿಟ್ಟು ಬಂತು.

ಅವನ ಹೆಂಡತಿ ಗಂಜಿ ತಂದವಳು ಬಾಗಿಲಲ್ಲೇ ನಿಂತು ನಕ್ಕಳು. "ಏನ್ರೀ ಇದು, ಥೇಟು ನಮ್ಮ ಬೆಕ್ಕಿನ ಹಾಗೇ ಕೂತಿದ್ದೀರಲ್ಲ!"

ವರ್ತಕ ತಲೆ ಎತ್ತಿದ. ಎದುರು ಗೋಡೆಗೆ ಬೆಕ್ಕು ಒರಗಿತ್ತು. ಅದೇ ಬೆನ್ನು. ಅದೇ ಚಾಚಿದ ಕಾಲು. ಅದರ ಕಣ್ಣನ್ನು ನೋಡಲು ಅವನಿಂದಾಗಲಿಲ್ಲ. ಗಂಜಿ ಆರಿಹೋಯಿತು.

ನಡೆಯುವಂತಾದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಬೆಕ್ಕನ್ನು ಪಶುವೈದ್ಯನ ಬಳಿಗೆ ಒಯ್ದದ್ದು. ವೈದ್ಯ ಹಿಂಗಾಲಿನ ಕೀಲು ಮುಟ್ಟಿದ. ಬೆಕ್ಕು ನಡುಗಿತು.

"ಕಿವಿಯನ್ನು ಮಡಚಿದ ದೋಷವೇ ಕೀಲುಗಳಲ್ಲೂ ಇದೆ. ಈ ತಳಿಗೆ ಅದು ಹುಟ್ಟಿನಿಂದ ಬರುತ್ತದೆ," ಎಂದ ವೈದ್ಯ. "ನೋವು ತಗ್ಗಿಸಲು ಔಷಧಿ ಇದೆ. ಮರಿಯಾಗಿದ್ದಾಗ ಕೂಗುತ್ತಿರಲಿಲ್ಲವೇ?"

ವರ್ತಕ ಔಷಧಿ ಕೇಳಿ ಪಡೆದ. ಬೆಕ್ಕನ್ನು ಮನೆಗೆ ತಂದು ತನ್ನ ಹಾಸಿಗೆಯ ಮೇಲೆ ಮಲಗಿಸಿದ. ಮರುದಿನ ಮನೆಗೆ ಬಂದ ಗೆಳೆಯನೊಬ್ಬ, "ಎಲ್ಲಿ ನಿಮ್ಮ ತಪಸ್ವಿ?" ಎಂದು ಕೇಳಿದ. ತಲೆ ತಗ್ಗಿಸಿದ ವರ್ತಕ, ಗೆಳೆಯ ಎದ್ದು ಹೋಗುವ ತನಕ ತಲೆ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಸರ್ವಮಂಗಳಮ್ಮನವರ ಮುಖ ಬಿಸಿಯಾಗಿತ್ತು. ಆದರೂ ಬಿಡಲಿಲ್ಲ. "ಅವನದೇನು ತಪ್ಪು, ಬುದ್ಧಿ? ಮೂಕಪ್ರಾಣಿ. ಬಾಯಿಬಿಟ್ಟು ಹೇಳಿದ್ದರೆ ತಾನೇ ಅವನಿಗೆ..."

ಮೆಟ್ಟಿಲ ಬುಡದಲ್ಲಿ ಕೂಗುತ್ತಿದ್ದ ಮರಿ ನೆನಪಾಗಿ ಮಾತು ಅಲ್ಲೇ ತುಂಡಾಯಿತು. ಬೆನ್ನ ಹಿಂದೆ ಬುಟ್ಟಿ ಕೈಯಿಂದ ಕೈಗೆ ಬದಲಾದ ಸದ್ದು ಕೇಳಿಸಿತು. ಸೊಸೆ ಇನ್ನೂ ನಿಂತೇ ಇದ್ದಳು.

"ಮಡಚಿಕೊಂಡಿದ್ದದ್ದು ಯಾರ ಕಿವಿ, ತಾಯಿ?" ಎಂದರು ಗುರುಗಳು.

ತಿರುಗಿ ನೋಡಬೇಕೆಂದುಕೊಂಡರು ಸರ್ವಮಂಗಳಮ್ಮ. ಕತ್ತು ಬಾಗಿತೇ ಹೊರತು ತಿರುಗಲಿಲ್ಲ.