ಮೇಲಿನ ಹಂತ ಬೇಡಿ ಬಂದವನು

ಹರಳಗುಡ್ಡದ ಮೇಲೊಂದು ತಗಡಿನ ಚಪ್ಪರ, ಸೆಗಣಿ ಸಾರಿಸಿದ ನೆಲ. ಪೂಜ್ಯ ಸ್ಥಿರಾನಂದ ಅಪ್ಪನವರ ಆಶ್ರಮವೆಂದರೆ ಅಷ್ಟೇ. ಅಪ್ಪನವರು ಪದ್ಮಾಸನ ಹಾಕಿ ಕುಳಿತರೆಂದರೆ ಅಳಿಲುಗಳು ಮರವೆಂದೇ ತಿಳಿದು ಹೆಗಲೇರಿ ಮರಿ ಹಾಕುತ್ತಿದ್ದವು. ನಗಬೇಡಿ, ಆ ಮರಿಗಳನ್ನು ಇದೇ ಕೈಯಿಂದ ಇಳಿಸಿದವನು ನಾನು. ಆ ಗುಡ್ಡದಲ್ಲಿ ನನ್ನಷ್ಟು ಕಂಡವರು ಇನ್ನೊಬ್ಬರಿಲ್ಲ.

ಯೋಗ ಕಲಿಸುವ ಗುರುಗಳಾಗಬೇಕೆಂದು ಬಂದವರಿಗೆ ಅಪ್ಪನವರು ಎರಡು ಹಂತದ ತರಬೇತಿ ಕೊಡುತ್ತಿದ್ದರು. ಮೊದಲನೆಯದು ಹೊಸಬರಿಗೆ. ಮೇಲಿನದು, ಆಗಲೇ ನಾಲ್ಕು ಮಂದಿಗೆ ಕಲಿಸಿ ಪಳಗಿದವರಿಗೆ. ಒಂದು ಮುಂಜಾನೆ ತ್ರಿಲೋಚನ ಎಂಬ ತರುಣ ಬಂದ. ಹಸಿ ಬೆತ್ತದಂತೆ ಬಾಗುವ ಮೈ. ಬಂದವನೇ ಕೈಮುಗಿದ.

“ಅಪ್ಪಾರ, ನನ್ನ ಸೀದಾ ಮ್ಯಾಲಿನ ಹಂತಕ್ಕ ಸೇರಿಸ್ಕೋರಿ. ಆ ಸರ್ಟಿಫಿಕೇಟ್ ಒಯ್ದರ ಕಾಲೇಜಿನ್ಯಾಗ ಕೆಲಸ ಐತಿ. ಇಲ್ಲಂದ್ರ ಅದು ಬ್ಯಾರೇದವರ ಪಾಲು.”

“ಯಾರಿಗರ ಕಲಿಸೀಯೇನು?”

“ಕಲಿಸೋದೇನೈತ್ರಿ ಅದರಾಗ? ನಾ ಮಾಡಿ ತೋರಸ್ತೀನಿ, ಅವರು ನೋಡಿ ಮಾಡ್ತಾರ.”

ಮೇಲಿನ ಹಂತ ಕೇಳಿದವರು ಆ ಹೊತ್ತಿಗೆ ಅಲ್ಲಿದ್ದ ಯಾರಿಗಾದರೂ ಒಂದು ಆಸನ ಕಲಿಸಿ ತೋರಿಸಬೇಕು. ಅದು ಅಲ್ಲಿಯ ಪದ್ಧತಿ. ದರ್ಶನಕ್ಕೆ ಬಂದ ಬಸಲಿಂಗವ್ವ ಸೊಂಟ ಹಿಡಿದುಕೊಂಡು ಕಂಬಕ್ಕೊರಗಿದ್ದಳು. ಅಪ್ಪನವರು ಆಕೆಯತ್ತ ಕೈ ತೋರಿದರು.

ತ್ರಿಲೋಚನ ಕಾಲು ಚಾಚಿ, ಕಣ್ಣು ಮುಚ್ಚಿ, ಮುಂದಕ್ಕೆ ಬಾಗಿದ. ಮೂಗು ಮೊಣಕಾಲು ದಾಟಿ ಹೋಯಿತು! ಮೂರು ಊರಿನ ಸರ್ಕಸ್ಸು ನೋಡಿದವನು ನಾನು, ಅಂಥ ಬಾಗು ಎಲ್ಲೂ ಕಂಡಿಲ್ಲ. “ಹಿಂಗ ಬಾಗ್ರಿ... ಇನ್ನೂ ಬಾಗ್ರಿ” ಎನ್ನುತ್ತಿದ್ದ. ಬಸಲಿಂಗವ್ವ ನಂಬಿ ಬಾಗಿದಳು. ಸೊಂಟ ಹಿಡಿದುಕೊಂಡಿತು. ಮುಖವೆಲ್ಲ ಬೆವರು, ಉಸಿರು ಕಟ್ಟಿತು. ಇವನ ಕಣ್ಣು ಮುಚ್ಚಿಯೇ ಇದೆ.

“ಈಗ ಒಳಗ ಆನಂದ ಅನಸ್ತೈತಲ್ರೀ?”

“ನಿನ್ನ ಆನಂದಕ್ಕ ಬೆಂಕಿ ಹತ್ತಲಿ! ಮೊದಲ ನನ್ನ ಎತ್ತೋ ತಮ್ಮಾ!”

ಅಪ್ಪನವರು ತಾವೇ ಎದ್ದು ಬಂದು, ಆಕೆಯ ಬೆನ್ನಿಗೆ ಕೈಗೊಟ್ಟು ಮೆಲ್ಲಗೆ ಮಲಗಿಸಿದರು. ಆಮೇಲೆ ಶಾಂತವಾಗಿ ನುಡಿದರು:

“ಆಸನ ಭಾಳ ಚಲೋ ಮಾಡಿದಿ, ತಮ್ಮಾ. ಈ ತಾಯಿನ್ನ ಯಾರು ನೋಡಿದರು?”

ಅಷ್ಟೇ ಮಾತು. ಬೈದಿದ್ದರೆ ಅವನು ಉತ್ತರ ಕೊಡುತ್ತಿದ್ದನೇನೋ. ಈಗ ಬಸಲಿಂಗವ್ವನತ್ತ ತಿರುಗಿ ನೋಡಿದ. “ಮೊದಲಿನ ಹಂತಕ್ಕ ನನ್ನ ಹೆಸರು ಹಚ್ರಿ, ಅಪ್ಪಾರ” ಎಂದ.

ನನಗೆ ತಡೆಯಲಾಗಲಿಲ್ಲ. “ಲೇ, ಕಾಲೇಜಿನ ಕೆಲಸ ಹೋಗ್ತದಲ್ಲೋ!”

“ಹೋಗ್ಲಿ ಬಿಡ್ರಿ, ಕಾಕಾ. ಅಲ್ಲೂ ಕಣ್ಣು ಮುಚ್ಕೊಂಡು ಎಷ್ಟು ಮಂದಿ ಸೊಂಟ ಮುರೀಲಿ?”

ಅಪ್ಪನವರು ಮುಗುಳ್ನಕ್ಕರು. ತ್ರಿಲೋಚನ ಮೊಣಕಾಲೂರಿ ಬಸಲಿಂಗವ್ವನ ಬಳಿ ಸರಿದ.

“ಅವ್ವಾ, ಎಲ್ಲಿ ನೋಯ್ತೈತ್ರಿ?”

“ಈಗ ಕೇಳ್ತಿ ನೋಡು! ಇಲ್ಲಿ... ಸ್ವಲ್ಪ ಕೆಳಗ.”

ಅವನು ಅಲ್ಲಿ ಅಂಗೈ ಇಟ್ಟ. ಆಕೆಯ ಉಸಿರು ಏರಿ ಇಳಿಯುವುದನ್ನೇ ನೋಡುತ್ತ, ಅದು ಹದಕ್ಕೆ ಬರುವವರೆಗೂ ಕೈ ತೆಗೆಯಲಿಲ್ಲ.