ದೇವೀರಿಯ ಬಾಚಣಿಗೆಯೂ ಮೊದಲ ಸಾಲಿನ ಮುದ್ದರಾಯನೂ

ಒಂದು ರಾಜ್ಯವಿತ್ತು. ಅಲ್ಲಿ ರಾಜನೂ ಇದ್ದ, ಮೊಬೈಲೂ ಇತ್ತು. ಅದು ಹೇಗೆ ಅಂತ ಕೇಳಬೇಡಿ. ಕಥೆ ಬೇಕಾದವರು ಸುಮ್ಮನೆ ಕೂತು ಕೇಳಿ.

ಆ ರಾಜ್ಯದ ಚಿಗರಿಪಟ್ಟಣದಲ್ಲಿ ದೇವೀರಿ ಅಂತ ಒಬ್ಬಳಿದ್ದಳು. ಪೇಟೆಬೀದಿಯಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡು ಹೇನು ಬಾಚಣಿಗೆ ಮಾಡಿ ಮಾರುತ್ತಿದ್ದಳು. ಮರದ ಬಾಚಣಿಗೆ, ಎರಡೂ ಕಡೆ ಸಣ್ಣ ಹಲ್ಲು. ಹೇನು ಹಾಗಿರಲಿ, ಹೇನಿನ ಮೊಟ್ಟೆ ಸೀರೂ ಅದರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಮೊದಲೆಲ್ಲ ಜನ ಬೀದಿ ಬೀದಿ ವಿಚಾರಿಸಿಕೊಂಡು ಬರುತ್ತಿದ್ದರು. ಈಗ ಬಾಯಿಬಿಟ್ಟು ಯಾರೂ ಯಾರನ್ನೂ ಕೇಳುವುದಿಲ್ಲ. ಮೊಬೈಲನ್ನು ಕೇಳುತ್ತಾರೆ. ಅದು ಮೊದಲ ಸಾಲಿನಲ್ಲಿ ಯಾರ ಅಂಗಡಿ ತೋರಿಸುತ್ತದೋ ಅಲ್ಲಿಗೆ ಹೋಗುತ್ತಾರೆ. ಅರಮನೆಯವರು ಎಲ್ಲ ಅಂಗಡಿಗೂ ಒಂದೊಂದು ವೆಬ್‌ಸೈಟ್ ಮಾಡಿಸಿ ಕೊಟ್ಟಿದ್ದರು. ದೇವೀರಿಯದಕ್ಕೆ 'ಸರ್ವೋತ್ಕೃಷ್ಟ ಕೇಶಸಾಧನ ಭಂಡಾರ' ಅಂತ ಬರೆದಿದ್ದರು. ಅದು ಬಾವಿಯ ತಳಕ್ಕೆ ಬಿದ್ದ ಚೊಂಬಿನ ಹಾಗೆ ಎಲ್ಲೋ ಕೆಳಗೆ ಬಿದ್ದಿತ್ತು.

ಬೀದಿಗೆ ಒಂದು ನಿಯಮವಿತ್ತು. ಮೂರು ತಿಂಗಳು ಒಂದೂ ವ್ಯಾಪಾರವಾಗದ ಅಂಗಡಿಯನ್ನು ಬೇರೆಯವರಿಗೆ ಕೊಟ್ಟುಬಿಡುವುದು. ದೇವೀರಿಗೆ ಎರಡೂವರೆ ತಿಂಗಳು ಕಳೆದಿತ್ತು. ಉಳಿದದ್ದು ಹದಿನೈದೇ ದಿನ. ಅಂಗಡಿ ಹೋದರೆ ಗರಗಸ ಹಿಡಿದು ಕೂರಲು ಅವಳಿಗೆ ಬೇರೆ ಜಾಗವಿರಲಿಲ್ಲ, ಮಗಳ ತೊಟ್ಟಿಲು ಕಟ್ಟಲೂ ಇರಲಿಲ್ಲ.

ಅಂಥ ಹೊತ್ತಿಗೆ ಬಂದ ಮುದ್ದರಾಯ. ಜರಿ ಪೇಟ, ಎರಡು ಕೈಯಲ್ಲಿ ಎರಡು ಮೊಬೈಲು, ಬಾಯಲ್ಲಿ ಜೇನು. ಯಾರ ಅಂಗಡಿಯನ್ನಾದರೂ ಮೊದಲ ಸಾಲಿಗೆ ತಂದು ಕೂರಿಸುತ್ತೇನೆ, ವೆಬ್‌ಸೈಟಿನ ಪಾಸ್‌ವರ್ಡ್ ಒಂದು ಕೊಟ್ಟರೆ ಸಾಕು ಅಂದ. ಚಾಪೆ ಹೆಣೆಯುವ ಲಿಂಗಜ್ಜ ಕೊಟ್ಟ. ತುಪ್ಪದ ಸಾಕಮ್ಮ ಕೊಟ್ಟಳು. ದೇವೀರಿ ಮಾತ್ರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅರ್ಧ ಗಂಟೆ ಮಾತಾಡಿದ ಮನುಷ್ಯ, ನೀನು ಏನು ಮಾರುತ್ತೀಯಮ್ಮ ಅಂತ ಒಂದು ಸಲವೂ ಕೇಳಲಿಲ್ಲ. ಅಲ್ಲಿಂದಲೇ ಅವಳಿಗೆ ಅನುಮಾನ.

ಮೊದಲ ದಿನ ಅವನು ತನ್ನ ಮೊಬೈಲು ತೋರಿಸಿದ. ಅದರಲ್ಲಿ ದೇವೀರಿಯ ಅಂಗಡಿ ಎಲ್ಲರಿಗಿಂತ ಮೇಲೆ ಕೂತಿತ್ತು. ಅವಳು ಪಕ್ಕದ ಅಂಗಡಿಯ ಸೊಪ್ಪಿನವಳನ್ನು ಕರೆದು ಅವಳ ಮೊಬೈಲಿನಲ್ಲಿ ಹುಡುಕಿಸಿದಳು. ಎಷ್ಟು ಕೆಳಗಿಳಿದರೂ ಸಿಗಲಿಲ್ಲ. ದಿನವಿಡೀ ನನ್ನದೇ ಪುಟ ತೆರೆದುಕೊಂಡು ಕೂತರೆ ನಿನ್ನ ಮೊಬೈಲು ನಿನಗೆ ಅದನ್ನೇ ತೋರಿಸುತ್ತದೆ, ನನಗೇನು ಬಂತು ಅಂದಳು.

ಎರಡನೇ ದಿನ ಅವನು ಸೊಪ್ಪಿನವಳ ಮೊಬೈಲನ್ನೇ ಇಸಿದುಕೊಂಡು 'ಚಿಗರಿಪಟ್ಟಣದ ದೇವೀರಿ ಬಾಚಣಿಗೆ ಅಂಗಡಿ' ಅಂತ ಬರೆದ. ಅಂಗಡಿ ಮೊದಲ ಸಾಲಿನಲ್ಲೇ ಬಂತು. ಅವನು ಮೀಸೆ ತಿರುವಿದ.

"ನನ್ನ ಹೆಸರು, ನನ್ನ ಊರು ಎರಡೂ ಗೊತ್ತಿದ್ದವರು ನೆಟ್ಟಗೆ ಬಂದು ಬಾಗಿಲು ಬಡೀತಾರೆ ಮುದ್ದರಾಯಪ್ಪ," ಅಂದಳು ದೇವೀರಿ. "ಗೊತ್ತಿಲ್ಲದವರನ್ನು ಕರಕೊಂಡು ಬಾ, ನೋಡೋಣ."

ಮೂರನೇ ದಿನ ಅವನು ಲೆಕ್ಕ ತಂದ. ನಿನಗೆ ನಂಬಿಕೆ ಬರಲಿ ಅಂತ ಪುಕ್ಕಟೆಯಾಗಿ ನಿನ್ನೆ ಸಾವಿರ ಜನರನ್ನು ನಿನ್ನ ವೆಬ್‌ಸೈಟಿಗೆ ಕಳಿಸಿದ್ದೇನೆ ಅಂದ. ಸಾವಿರ ಜನ ಬಂದು ಒಬ್ಬರೂ ಬೆಲೆ ಕೇಳಲಿಲ್ಲವಾ ಅಂತ ಅವಳು ಕೇಳಿದ್ದಕ್ಕೆ, ಪಾಸ್‌ವರ್ಡ್ ಕೊಟ್ಟ ಮೇಲೆ ಕೇಳುತ್ತಾರೆ ಅಂದ. ಇನ್ನೂ ಎಂಟು ದಿನ ಹೀಗೇ ಕಳಿಸುತ್ತೇನೆ, ಒಂಬತ್ತನೇ ದಿನ ನೀನೇ ಕೈಯಾರೆ ಕೊಡುತ್ತೀಯ ಅಂತ ಹೇಳಿ ಹೋದ.

ಅಷ್ಟರಲ್ಲಿ ಸಾಕಮ್ಮ ಮೂಗೊರೆಸಿಕೊಂಡು ಬಂದಳು. ಅವಳಿಗೆ ತನ್ನ ವೆಬ್‌ಸೈಟಿನಲ್ಲಿ ತುಪ್ಪದ ಬೆಲೆ ತಿದ್ದಬೇಕಿತ್ತು. ಪಾಸ್‌ವರ್ಡನ್ನೇ ಮುದ್ದರಾಯ ಬದಲಾಯಿಸಿಬಿಟ್ಟಿದ್ದ. ಕೇಳಲು ಹೋದರೆ, ಇನ್ನು ಮೇಲೆ ತಿದ್ದುವುದೆಲ್ಲ ನನ್ನ ಮೂಲಕ ಅಂದಿದ್ದ. ಲಿಂಗಜ್ಜನದೂ ಅದೇ ಗತಿ. ತಮ್ಮ ಮನೆಗೆ ತಾವೇ ಅಪ್ಪಣೆ ಕೇಳಿ ಹೋಗುವ ಹಾಗಾಗಿತ್ತು.

ದೇವೀರಿ ಅಳುವವಳಲ್ಲ. ಆ ಸಂಜೆಯೇ ತನ್ನ ವೆಬ್‌ಸೈಟನ್ನು ಯಾರಿಗೂ ಕಾಣದ ಹಾಗೆ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಮಗಳನ್ನು ಸೊಂಟಕ್ಕೇರಿಸಿ ಹೊರಟಳು. ನಲ್ಲಿ ಹತ್ತಿರ ನಿಂತ ಹೆಂಗಸರನ್ನು ಕೇಳಿದಳು, ಮಕ್ಕಳ ತಲೆಯಲ್ಲಿ ಹೇನಾದರೆ ಮೊಬೈಲಿನಲ್ಲಿ ಏನಂತ ಬರೆಯುತ್ತೀರಿ? ಶಾಲೆ ಬಾಗಿಲಲ್ಲಿ ಕಾಯುವ ತಾಯಂದಿರನ್ನು ಕೇಳಿದಳು. ಹಿಟ್ಟಿನ ಗಿರಣಿಯಲ್ಲಿ ಕೇಳಿದಳು. ನಮ್ಮ ಮಕ್ಕಳಿಗೆ ಹೇನೇ ಇಲ್ಲ ಅಂತ ಎಲ್ಲರೂ ಮೊದಲು ಸಿಡುಕಿದರು. ಆಮೇಲೆ ತಲೆ ಕೆರೆದುಕೊಳ್ಳುತ್ತಾ ಹೇಳಿದರು. 'ಕೇಶಸಾಧನ' ಅಂತ ಒಬ್ಬಳೂ ಅನ್ನಲಿಲ್ಲ. 'ಮಗು ತಲೆ ಕೆರೀತಿದೆ ಏನು ಮಾಡ್ಲಿ' ಅಂದಳು ಒಬ್ಬಳು. 'ಸೀರು ಹೋಗೋದು ಹೇಗೆ' ಅಂದಳು ಇನ್ನೊಬ್ಬಳು.

ದೇವೀರಿ ಅಂಗಡಿಗೆ ಬಂದು ವೆಬ್‌ಸೈಟಿನ ಹಳೆಯ ಬರಹವನ್ನೆಲ್ಲ ಅಳಿಸಿದಳು. ಅವರು ಕೇಳಿದ ಮಾತನ್ನೇ ತಲೆಬರಹ ಮಾಡಿದಳು. ಕೂದಲಿಗೆ ಎಣ್ಣೆ ಹೇಗೆ ಹಚ್ಚಬೇಕು, ಹೇಗೆ ಎಳೆ ಎಳೆಯಾಗಿ ಬಿಡಿಸಬೇಕು, ಕುತ್ತಿಗೆ ಕಡೆಯಿಂದ ಹೇಗೆ ಬಾಚಬೇಕು ಅಂತ ಪಕ್ಕದ ಮನೆಯವಳಿಗೆ ಹೇಳುವ ಹಾಗೆ ಬರೆದಳು. ಬಾಚಣಿಗೆಯ ಹಲ್ಲಿನ ಫೋಟೋ ಹಾಕಿದಳು. ಅಂಗಡಿಗೆ ಬರುವ ದಾರಿ ಹಾಕಿದಳು. ವೆಬ್‌ಸೈಟಿನ ಬಾಗಿಲು ಮಾತ್ರ ತೆರೆಯಲಿಲ್ಲ.

ತಾನು ಹೇಳಿದ್ದ ಒಂಬತ್ತನೇ ದಿನ ಮುದ್ದರಾಯ ಒಬ್ಬನೇ ಬರಲಿಲ್ಲ. ಪೇಟೆ ನೋಡಿಕೊಳ್ಳುವ ಅರಮನೆಯ ಪಾರುಪತ್ಯಗಾರನನ್ನು ಕರೆತಂದ. ಇಡೀ ಬೀದಿಯ ಪಾಸ್‌ವರ್ಡ್ ಮುದ್ದರಾಯನ ಕೈಯಲ್ಲಿದ್ದರೆ ವ್ಯಾಪಾರ ಏಳುತ್ತದಂತೆ, ಕೊಡದವರ ಅಂಗಡಿ ಇವತ್ತೇ ಖಾಲಿ ಮಾಡಿಸುತ್ತೇನೆ ಅಂತ ಪಾರುಪತ್ಯಗಾರ ಗದರಿದ. ಬೀದಿಗೆ ಬೀದಿಯೇ ಸೇರಿತು.

ಮುದ್ದರಾಯ ಲೆಕ್ಕ ಓದಿದ. ದೇವೀರಿಯ ವೆಬ್‌ಸೈಟಿಗೆ ಮೊನ್ನೆ ಸಾವಿರದ ಐನೂರು ಜನ, ನಿನ್ನೆ ಎರಡು ಸಾವಿರ.

ದೇವೀರಿ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ನಿನ್ನೆ ಬಂದವರು ಏನು ನೋಡಿದರಪ್ಪ?"

"ಬಾಚಣಿಗೆ ನೋಡಿದರು ಅಕ್ಕ."

"ಎಷ್ಟು ಹೊತ್ತು ನಿಂತಿದ್ದರು?"

"ಒಬ್ಬೊಬ್ಬರೂ ಕಾಲು ಗಂಟೆ."

"ಏನಂದರು?"

"ಎಷ್ಟು ಚೆನ್ನಾಗಿದೆ ಅಂದರು. ನನ್ನನ್ನೂ ಹೊಗಳಿದರು."

ದೇವೀರಿ ಪಾರುಪತ್ಯಗಾರನ ಕಡೆ ತಿರುಗಿದಳು. "ಬುದ್ಧಿ, ತಾವೇ ತಮ್ಮ ಮೊಬೈಲಿನಲ್ಲಿ ನನ್ನ ವೆಬ್‌ಸೈಟು ತೆಗೆದು ನೋಡಬೇಕು."

ಅವನು ತೆಗೆದ. ಒಳಗೆ ಏನೂ ಕಾಣಲಿಲ್ಲ. 'ಈ ಅಂಗಡಿ ಮುಚ್ಚಿದೆ' ಅಂತ ಒಂದೇ ಸಾಲು. ಕೆಳಗೆ ಮುಚ್ಚಿದ ತಾರೀಖು, ಒಂಬತ್ತು ದಿನದ ಹಿಂದಿನದು.

"ಬಾಗಿಲು ಹಾಕಿದ ಮನೆಯೊಳಗೆ ಎರಡು ಸಾವಿರ ಜನ ಕಾಲು ಗಂಟೆ ನಿಂತು ಹೊಗಳಿ ಹೋದರಂತೆ," ಅಂದಳು ದೇವೀರಿ. "ಯಾವ ಸಂದಿಯಿಂದ ನುಗ್ಗಿದರೋ ಇವನನ್ನೇ ಕೇಳಿ."

ಮುದ್ದರಾಯನ ಪೇಟ ಜಾರಿತು. ಸಾಕಮ್ಮ ಎಲ್ಲರಿಗಿಂತ ಮೊದಲು ನಕ್ಕಳು. ಪಾರುಪತ್ಯಗಾರ ನಗಲಿಲ್ಲ. ಅರಮನೆಯ ವೆಬ್‌ಸೈಟಿನ ಪಾಸ್‌ವರ್ಡನ್ನೂ ಅವನು ಮುದ್ದರಾಯನ ಕೈಗೇ ಕೊಟ್ಟಿದ್ದ. ಅಲ್ಲೇ ನಿಲ್ಲಿಸಿ ಎಲ್ಲರ ಪಾಸ್‌ವರ್ಡೂ ವಾಪಸು ಕೊಡಿಸಿದ. ವಿಷಯ ರಾಜನಿಗೆ ಹೋಯಿತು. ರಾಜ ಮುದ್ದರಾಯನನ್ನು ಸೆರೆಮನೆಗೆ ಹಾಕಲಿಲ್ಲ. ಒಂದು ವರ್ಷ ಪೇಟೆಬೀದಿಯ ತುದಿಯಲ್ಲಿ ಬಿಸಿಲಿಗೆ ನಿಂತು, ಬಂದವರನ್ನೆಲ್ಲ ನಿಮಗೇನು ಬೇಕು ಅಂತ ಕೇಳಿ ದಾರಿ ತೋರಿಸುವ ಕೆಲಸ ಕೊಟ್ಟ. ಜನ್ಮದಲ್ಲಿ ಕೇಳದ ಮಾತನ್ನು ಅವನು ದಿನಕ್ಕೆ ನೂರು ಸಲ ಕೇಳಬೇಕಾಯಿತು.

ದೇವೀರಿ ಅಂದೇ ತನ್ನ ವೆಬ್‌ಸೈಟಿನ ಬಾಗಿಲು ತೆರೆದಳು. ಅಂದು ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಗಡುವಿಗೆ ಒಂದೇ ದಿನ ಉಳಿದಾಗ, ಮೂರು ಊರಾಚೆಯ ಒಬ್ಬ ತಾಯಿ ಮೂರು ಮಕ್ಕಳನ್ನು ಎಳೆದುಕೊಂಡು ಬಂದಳು. ಮೂವರೂ ಎರಡೂ ಕೈಯಲ್ಲಿ ತಲೆ ಕೆರೆಯುತ್ತಿದ್ದರು. ನಿನ್ನನ್ನು ಯಾರು ಕಳಿಸಿದರು ಅಂತ ದೇವೀರಿ ಅನುಮಾನದಿಂದಲೇ ಕೇಳಿದಳು. ಯಾರೂ ಇಲ್ಲ, ಮಗು ತಲೆ ಕೆರೀತಿದೆ ಅಂತ ಬರೆದೆ, ನಿನ್ನ ಅಂಗಡಿ ಬಂತು ಅಂದಳು ಆ ತಾಯಿ. ಮೂರು ಬಾಚಣಿಗೆ ಕೊಂಡಳು. ಅಂಗಡಿ ಉಳಿಯಿತು.

ಅದಕ್ಕೇ ಹೇಳುವುದು ಮಕ್ಕಳೇ. ನಿಮ್ಮನ್ನು ಮೊದಲ ಸಾಲಿನಲ್ಲಿ ಕೂರಿಸುತ್ತೇನೆ ಅಂತ ಬರುವವನು ನಿಮ್ಮ ಕೆಲಸ ಏನು ಅಂತ ಕೇಳದಿದ್ದರೆ, ಅವನ ಕಣ್ಣು ನಿಮ್ಮ ಬಾಗಿಲ ಕೀಲಿಯ ಮೇಲಿದೆ ಅಂತ ತಿಳಿಯಿರಿ. ಕೀಲಿ ನಿಮ್ಮ ಹತ್ತಿರವೇ ಇರಲಿ. ಜನ ಏನು ಹುಡುಕುತ್ತಾರೆ ಅಂತ ಹೋಗಿ ಕೇಳಿ, ಅವರ ಮಾತಿನಲ್ಲೇ ಉತ್ತರ ಕೊಡಿ. ನಿಮ್ಮ ಮನೆ ಎಲ್ಲಿದ್ದರೂ ಅವರು ಹುಡುಕಿಕೊಂಡು ಬರುತ್ತಾರೆ.